ಕಾದಂಬರಿಯೂ ಅದರ ಚಿತ್ರವೂ

ಹೆಸರಾದ ಕಾದಂಬರಿಯೊಂದು ಚಲಚ್ಚಿತ್ರವಾಗಿ ಬಂದಿತೆಂದರೆ, ಅದನ್ನು ನೋಡಿ ಎದ್ದ ಮೇಲೆ ಮನೆಯಲ್ಲಿ ಒಂದು ವಾದವು ಹುಟ್ಟದೆ ಇರುವುದಿಲ್ಲ. ಪುಸ್ತಕವನ್ನು ಮೊದಲೇ ಓದಿದ್ದವರು, "ಪುಸ್ತಕದಾಗ ಹಿಂಗಿಲ್ಲ ಬಿಡ್ರಿ" ಎಂದು ಮುಖವನ್ನು ತಿರುವುವರು. ಓದದೆ ನೋಡಿದವರು, "ಚಿತ್ರ ಛಲೋ ಅದ, ಪುಸ್ತಕದ ಮಾತು ಈಗ ಯಾಕ?" ಎಂದು ಕೇಳುವರು. ಹಿಂದೆ ಊರಿನ ಚಿತ್ರಮಂದಿರಕ್ಕೆ ಬಂದಾಗ ಮಾತ್ರ ನೋಡಲು ಸಿಕ್ಕುತ್ತಿದ್ದ ಚಿತ್ರಗಳು ಈಗ ಅಂಗೈಯೊಳಗಿನ ಫೋನಿನಲ್ಲಿಯೇ ದೊರೆಯುವುದರಿಂದ, ಐವತ್ತು ವರ್ಷಗಳ ಹಿಂದಿನ ಚಿತ್ರವೂ ಇಂದಿನ ವಾದಕ್ಕೆ ವಿಷಯವಾಗುವುದು. ಅತ್ತೆಯು ಓದಿದ ಕಾದಂಬರಿಯನ್ನು ಸೊಸೆಯು ಚಿತ್ರದಲ್ಲಿ ನೋಡಿರುವಳು. ಇಬ್ಬರೂ ಒಂದೇ ಕಥೆಯ ಮಾತನಾಡುತ್ತಿರುವೆವೆಂದು ತಿಳಿದು, ಎರಡು ಕಥೆಗಳ ಮಾತನಾಡುವರು.

ಈ ತಿಂಗಳು ನಾವು ಆ ವಾದವನ್ನೇ ವಿಚಾರಕ್ಕೆ ತೆಗೆದುಕೊಂಡಿದ್ದೇವೆ. ಪ್ರಶ್ನೆಯು ಇಷ್ಟೇ: ಜನಪ್ರಿಯವಾದ ಪುಸ್ತಕದಿಂದ ಹುಟ್ಟಿದ ಚಿತ್ರವು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕೋ, ಪುಸ್ತಕದ ಹೆಗಲ ಮೇಲೆ ಕೈಯಿಟ್ಟುಕೊಂಡು ನಡೆಯಬೇಕೋ? ಆಳಂದ, ಅಫಜಲಪುರ, ಜೇವರ್ಗಿಗಳಂಥ ತಾಲೂಕುಗಳ ಗೃಹಸ್ಥರಿಗೆ ಈ ಪ್ರಶ್ನೆಯು ಬರಿಯ ಮನೋರಂಜನೆಯ ಪ್ರಶ್ನೆಯಲ್ಲ. ಈ ಸೀಮೆಯು 1948ರ ಸೆಪ್ಟೆಂಬರದ ವರೆಗೆ ನಿಜಾಮರ ಆಳಿಕೆಗೆ ಒಳಪಟ್ಟಿದ್ದಿತು. ಸರಕಾರದ ಭಾಷೆಯು ಉರ್ದು. ಶಾಲೆಯಲ್ಲಿಯೂ ಬಹುಮಟ್ಟಿಗೆ ಅದರದೇ ಆಳಿಕೆ. 1956ರ ನವೆಂಬರ 1ರಂದು ಈ ನಾಡು ಮೈಸೂರು ರಾಜ್ಯವನ್ನು ಕೂಡಿದ ಮೇಲೆಯೇ ಕನ್ನಡದ ಪುಸ್ತಕವು ಇಲ್ಲಿಯ ಮನೆಗಳಿಗೆ ಧಾರಾಳವಾಗಿ ಬರುವ ದಾರಿ ತೆರೆಯಿತು. ಪುಸ್ತಕವು ತಡವಾಗಿ ಬಂದ ಕಡೆಗಳಲ್ಲಿ ಚಿತ್ರವು ಅದರ ಬೆನ್ನಿಗೇ ಬಂದಿತು. ಎಷ್ಟೋ ಮನೆಗಳಲ್ಲಿ ಅದಕ್ಕಿಂತ ಮುಂಚೆಯೇ ಬಂದಿತು. ಆದಕಾರಣ ಅನೇಕರಿಗೆ ಕಾದಂಬರಿಯ ಮೊದಲ ಪರಿಚಯವೂ ಕೊನೆಯ ಪರಿಚಯವೂ ಚಿತ್ರವೇ ಆಗಿದೆ. ಪುಸ್ತಕವು ಏನು ಹೇಳಿತ್ತೆಂಬುದನ್ನು ತಿಳಿಯಲು ಅವರಿಗೆ ಬೇರೆ ಸಾಕ್ಷಿಯಿಲ್ಲ. ಆ ಒಂದೇ ಸಾಕ್ಷಿಯ ನಡತೆಯು ಹೇಗಿರಬೇಕೆಂದು ವಿಚಾರಿಸುವುದು ನ್ಯಾಯವಲ್ಲವೇ?

ಮೊದಲು, ಒಂದೇ ಕಥೆಯು ಹಲವು ರೂಪಗಳನ್ನು ತಾಳುವುದು ಈ ಸೀಮೆಯವರಿಗೆ ಹೊಸ ಸಂಗತಿಯಲ್ಲವೆಂಬುದನ್ನು ನೆನಪಿಗೆ ತಂದುಕೊಳ್ಳೋಣ. ಅಫಜಲಪುರ ತಾಲೂಕಿನ ದೇವಲ ಗಾಣಗಾಪುರಕ್ಕೆ ಹೋದವರು ಅಲ್ಲಿ ಸರಸ್ವತೀ ಗಂಗಾಧರನ 'ಗುರುಚರಿತ್ರೆ'ಯನ್ನು ಏಳು ದಿವಸ ನಿಯಮದಿಂದ ಪಾರಾಯಣ ಮಾಡುವ ಭಕ್ತರನ್ನು ಕಂಡಿರುವರು. ಪಾರಾಯಣದಲ್ಲಿ ಒಂದು ಅಕ್ಷರವೂ ಆಚೆಗೀಚೆಗೆ ಆಗಲಾಗದು. ಆದರೆ ಅದೇ ಯತಿಯ ಕಥೆಯನ್ನು ಕೀರ್ತನಕಾರನು ಹೇಳುವಾಗ ಒಂದು ಅಧ್ಯಾಯವನ್ನು ಹಿಗ್ಗಿಸುವನು, ಎರಡನ್ನು ಬಿಡುವನು, ನಡುವೆ ಊರಿನ ಜನರ ನಡತೆಗೆ ಒಂದು ಚಾಟಿಯ ಮಾತನ್ನು ಸೇರಿಸುವನು. ಕೇಳುವವರಲ್ಲಿ ಒಬ್ಬರಾದರೂ ಎದ್ದು, "ಇದು ಪೋಥಿಯಲ್ಲಿಲ್ಲ" ಎನ್ನುವುದಿಲ್ಲ. ಪೋಥಿಗೆ ಪೋಥಿಯ ಧರ್ಮವುಂಟು, ಕೀರ್ತನೆಗೆ ಕೀರ್ತನೆಯ ಧರ್ಮವುಂಟು ಎಂಬುದನ್ನು ಅಕ್ಷರವರಿಯದ ಮುದುಕಿಯೂ ಬಲ್ಲಳು. ಆದರೆ ಕೀರ್ತನಕಾರನು ನಗಿಸುವ ಭರದಲ್ಲಿ ಗುರುವನ್ನೇ ಹಗುರ ಮಾಡಿದನೆಂದರೆ ಅದೇ ಮುದುಕಿಯು ಎದ್ದು ಹೋಗುವಳು.

ಕಾವ್ಯದ ಮಾತೂ ಹೀಗೆಯೇ. ಶ್ರಾವಣ ಮಾಸದಲ್ಲಿ ಮಠಗಳಲ್ಲಿ ಕೇಳಿಬರುವ ಬಸವಪುರಾಣವನ್ನು ಭೀಮಕವಿಯು 1369ರಲ್ಲಿ ಕನ್ನಡಿಸಿದನು. ಅದರ ಮೂಲವು ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿ. ಸೋಮನಾಥನು ದ್ವಿಪದಿಯಲ್ಲಿ ಹೇಳಿದ್ದನ್ನು ಭೀಮಕವಿಯು ಭಾಮಿನಿ ಷಟ್ಪದಿಯಲ್ಲಿ ಹೇಳಿದನು. ಛಂದಸ್ಸು ಬದಲಾದ ಕೂಡಲೆ ನಡಿಗೆ ಬದಲಾಯಿತು, ವರ್ಣನೆ ಬದಲಾಯಿತು. ಕನ್ನಡಿಗರಾರೂ ತೆಲುಗನ್ನು ಪಕ್ಕದಲ್ಲಿಟ್ಟುಕೊಂಡು ಇದನ್ನು ಓದುವುದಿಲ್ಲ. ಅದು ತಾನೇ ನಿಂತಿದೆ. ಆದರೆ ಬಸವಣ್ಣನವರ ಮೇಲಿನ ಭಕ್ತಿಯು ಎರಡರಲ್ಲಿಯೂ ಒಂದೇ.

ಕಂಪನಿ ನಾಟಕಗಳನ್ನೂ ಇಲ್ಲಿ ಸ್ಮರಿಸಬೇಕು. ಜೇವರ್ಗಿಯ ಹೆಸರನ್ನೇ ಹೊತ್ತು ಊರೂರು ತಿರುಗಿದ ವಿಶ್ವಜ್ಯೋತಿ ಪಂಚಾಕ್ಷರೇಶ್ವರ ನಾಟ್ಯ ಸಂಘವನ್ನೂ, ಜೇವರ್ಗಿ ರಾಜಣ್ಣನವರ 'ಕುಂಟಕೋಣ ಮೂಕಜಾಣ' ನಾಟಕವನ್ನೂ ಅರಿಯದವರು ಈ ಕಡೆಯಲ್ಲಿ ವಿರಳ. ಅಂಥ ನಾಟಕವು ಮೊದಲ ರಾತ್ರಿ ಇದ್ದಂತೆ ನೂರನೆಯ ರಾತ್ರಿ ಇರುವುದಿಲ್ಲ. ಜನರು ನಕ್ಕ ಮಾತು ಬೆಳೆಯುವುದು, ಆಕಳಿಸಿದ ಮಾತು ಬಿದ್ದುಹೋಗುವುದು. ನೋಡುವವರೇ ನಾಟಕವನ್ನು ತಿದ್ದುವರೆಂದರೂ ಸಲ್ಲುವುದು. ಚಿತ್ರಕ್ಕಾದರೋ ಈ ಭಾಗ್ಯವಿಲ್ಲ. ಒಮ್ಮೆ ತೆಗೆದು ಕತ್ತರಿಸಿ ಅಂಟಿಸಿದ ಮೇಲೆ ಅದು ಕಲ್ಲಿನಲ್ಲಿ ಕೊರೆದಂತೆ. ಪಿ. ಬಿ. ಧುತ್ತರಗಿಯವರ 'ಸಂಪತ್ತಿಗೆ ಸವಾಲ್' ನಾಟಕವು 1974ರಲ್ಲಿ ರಾಜಕುಮಾರರ ಚಿತ್ರವಾಯಿತು. ನಾಟಕವು ರಂಗದ ಮೇಲೆ ರಾತ್ರಿಗೊಂದು ಬಣ್ಣ ತಾಳುತ್ತಿದ್ದರೂ ಚಿತ್ರವು ಅಂದು ಹೇಗಿತ್ತೋ ಇಂದೂ ಹಾಗೆಯೇ ಇದೆ. ತಿದ್ದಿಕೊಳ್ಳುವ ಅವಕಾಶವಿಲ್ಲದವನು ಮೊದಲೇ ಎಚ್ಚರದಿಂದಿರಬೇಕೆಂಬುದು ಇದರಿಂದ ತಾನಾಗಿ ಸಿದ್ಧವಾಗುವುದು.

ಇನ್ನು ಕಾದಂಬರಿಯ ಮಾತಿಗೆ ಬರೋಣ. ಕನ್ನಡದ ಮೊದಲ ವಾಕ್ಚಿತ್ರವಾದ 'ಸತಿ ಸುಲೋಚನಾ' 1934ರಲ್ಲಿ ಬಂದಿತು. ಆ ಮೇಲೆ ಬಹುಕಾಲ ಪುರಾಣಗಳೂ ಕಂಪನಿ ನಾಟಕಗಳೂ ಚಿತ್ರಗಳಿಗೆ ಕಥೆಯನ್ನು ಕೊಟ್ಟವು. ಕಾದಂಬರಿಯಿಂದ ಹುಟ್ಟಿದ ಮೊದಲ ಕನ್ನಡ ಚಿತ್ರವೆಂದು ಸಾಮಾನ್ಯವಾಗಿ ಹೆಸರಿಸುವುದು 1962ರ 'ಕರುಣೆಯೇ ಕುಟುಂಬದ ಕಣ್ಣು' ಎಂಬುದನ್ನು. ಅದರ ಮೂಲವು ಕೃಷ್ಣಮೂರ್ತಿ ಪುರಾಣಿಕರ 'ಧರ್ಮದೇವತೆ'. ಮರುವರ್ಷವೇ ಅವರ 'ಕುಲವಧು'ವೂ ಚಿತ್ರವಾಯಿತು. ಉತ್ತರ ಕರ್ನಾಟಕದ ಮನೆಗಳ ಒಳಗನ್ನು ಬಲ್ಲ ಲೇಖಕರಲ್ಲಿ ಪುರಾಣಿಕರು ಮುಖ್ಯರು. ಹೀಗೆ ಕಾದಂಬರಿಯ ಚಿತ್ರವು ಕನ್ನಡದಲ್ಲಿ ಮೊದಲು ಪ್ರವೇಶಿಸಿದ್ದು ಅಡುಗೆಮನೆ ಪಡಸಾಲೆಗಳ ದಾರಿಯಿಂದಲೇ. ಗೃಹಿಣಿಯರು ಓದಿದ ಪುಸ್ತಕಗಳನ್ನೇ ಅದು ಮೊದಲು ಹಿಡಿಯಿತು. ಆ ಮೊದಲ ಚಿತ್ರವೇ ಪುಸ್ತಕದ ಹೆಸರನ್ನು ಬಿಟ್ಟು ಬೇರೆ ಹೆಸರನ್ನು ಇಟ್ಟುಕೊಂಡಿತೆಂಬುದನ್ನು ವಾಚಕರು ಗಮನಿಸಬೇಕು. ಆದುದರಿಂದ ಬದಲಾವಣೆಯೆಂಬುದು ನಿನ್ನೆ ಮೊನ್ನೆ ಅಂಟಿದ ಚಾಳಿಯಲ್ಲ. ಅದು ಹುಟ್ಟಿನೊಂದಿಗೇ ಬಂದದ್ದು.

ಬದಲಾವಣೆಯು ಏಕೆ ಅನಿವಾರ್ಯವೆಂಬುದನ್ನು ತಿಳಿಯುವುದು ಕಷ್ಟವಲ್ಲ. ಮುನ್ನೂರು ಪುಟಗಳ ಪುಸ್ತಕವನ್ನು ನಾವು ಎಂಟು ದಿವಸ ಓದುತ್ತೇವೆ. ಬೇಸರವಾದರೆ ಮುಚ್ಚಿಡುತ್ತೇವೆ, ಹಿಡಿಸಿದ ಪುಟಕ್ಕೆ ಮರಳಿ ಹೋಗುತ್ತೇವೆ, ಪಾತ್ರಗಳ ಮುಖಗಳನ್ನು ನಾವೇ ಕಲ್ಪಿಸಿಕೊಳ್ಳುತ್ತೇವೆ. ಚಿತ್ರವು ಎರಡೂವರೆ ಗಂಟೆಯಲ್ಲಿ ಮುಗಿಯಬೇಕು. ಅದು ನಮಗಾಗಿ ನಿಲ್ಲದು. ಪುಸ್ತಕದಲ್ಲಿ ಲೇಖಕನು "ಅವಳ ಮನಸ್ಸಿನಲ್ಲಿ ಹೀಗೆ ಬಂದಿತು" ಎಂದು ಒಂದು ಪುಟ ಬರೆಯಬಲ್ಲನು. ಚಿತ್ರದಲ್ಲಿ ಆ ಒಂದು ಪುಟವು ಒಂದು ನೋಟವಾಗಬೇಕು, ಒಂದು ನಿಟ್ಟುಸಿರಾಗಬೇಕು, ಇಲ್ಲವೆ ಬಿದ್ದುಹೋಗಬೇಕು. ಎಂ. ಕೆ. ಇಂದಿರಾ ಅವರ 'ಫಣಿಯಮ್ಮ'ನನ್ನು 1983ರಲ್ಲಿ ಪ್ರೇಮಾ ಕಾರಂತರು ಚಿತ್ರವಾಗಿಸಿದಾಗ, ಬಾಲವಿಧವೆಯೊಬ್ಬಳ ದೀರ್ಘವಾದ ಬಾಳುವೆಯ ಮೂಕ ದುಃಖವನ್ನು ಎಲ್. ವಿ. ಶಾರದಾ ಅವರ ಮುಖವೇ ಹೊರಬೇಕಾಯಿತು. ಪುಸ್ತಕವನ್ನು ಓದದವರಿಗೂ ಆ ಮುಖವು ಕಥೆಯನ್ನು ಹೇಳಿತು. ತನ್ನ ಕಾಲ ಮೇಲೆ ನಿಲ್ಲುವುದೆಂದರೆ ಇದೇ.

ಚಿತ್ರವು ಪುಸ್ತಕಕ್ಕೆ ಸಾಧ್ಯವಿಲ್ಲದ್ದನ್ನು ಕೊಡಬಲ್ಲದೆಂಬುದಕ್ಕೆ ನಮ್ಮ ಕಡೆಯದೇ ಒಂದು ಒಳ್ಳೆಯ ನಿದರ್ಶನವುಂಟು. ಪುರಾಣಿಕರ ಕಥೆಯನ್ನೇ ಆಧರಿಸಿ 1977ರಲ್ಲಿ 'ಸನಾದಿ ಅಪ್ಪಣ್ಣ' ಬಂದಿತು. ಬರೆಯುವವನು ಎಷ್ಟೇ ಕೈಚಳಕವುಳ್ಳವನಾದರೂ, "ಸನಾದಿಯು ಮೊಳಗಿತು, ಕೇಳಿದವರ ಕಣ್ಣುಗಳು ತುಂಬಿದವು" ಎಂದು ಬರೆಯಬಲ್ಲನೇ ಹೊರತು ಸನಾದಿಯನ್ನು ಕೇಳಿಸಲಾರನು. ಓದುವವನು ತಾನು ಯಾವುದೋ ಮದುವೆಯಲ್ಲಿ ಕೇಳಿದ ಸ್ವರವನ್ನು ನೆನೆದು ಆ ತೆರವನ್ನು ತುಂಬಿಕೊಳ್ಳಬೇಕು. ಚಿತ್ರದಲ್ಲಿಯಾದರೋ ಉಸ್ತಾದ ಬಿಸ್ಮಿಲ್ಲಾ ಖಾನರೇ ನುಡಿಸಿದರು. ತೆರೆಯ ಮೇಲೆ ರಾಜಕುಮಾರರ ಕೈ, ಒಳಗೆ ಖಾನಸಾಹೇಬರ ಉಸಿರು. ಇಲ್ಲಿ ಚಿತ್ರವು ಪುಸ್ತಕದಿಂದ ದೂರ ಹೋಯಿತೆನ್ನುವುದಕ್ಕಿಂತ, ಪುಸ್ತಕವು ಬೆರಳಿನಿಂದ ತೋರಿಸಿದ ಕಡೆಗೆ ತಾನೇ ನಡೆದು ಹೋಯಿತೆನ್ನಬೇಕು. ಪ್ರತಿಯೊಂದು ದೃಶ್ಯವೂ ಪುಸ್ತಕದಲ್ಲಿದ್ದಂತೆಯೇ ಇದೆಯೇ ಎಂದು ಬೆರಳು ಮಡಿಚಿ ಎಣಿಸುತ್ತ ಕೂತವನು ಇಂಥ ಲಾಭವನ್ನು ಕಾಣದೆ ಹೋಗುವನು.

ಹಾಗಾದರೆ ಲೇಖಕನ ಅಸಮಾಧಾನಕ್ಕೆ ಬೆಲೆಯಿಲ್ಲವೇ? ಇದೆ. ತ. ರಾ. ಸುಬ್ಬರಾಯರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಒಂದಾಗಿ ಹೆಣೆದು ಪುಟ್ಟಣ್ಣ ಕಣಗಾಲರು 1972ರಲ್ಲಿ 'ನಾಗರಹಾವು' ಚಿತ್ರವನ್ನು ತೆಗೆದರು. ಜನರು ಅದನ್ನು ತಲೆಯ ಮೇಲೆ ಹೊತ್ತು ಮೆರೆದರು. ಲೇಖಕರು ಮಾತ್ರ ಒಪ್ಪಲಿಲ್ಲ; ತಮ್ಮ ನಾಗರಹಾವನ್ನು ಕೇರೆಹಾವನ್ನಾಗಿ ಮಾಡಿದರೆಂಬ ಅರ್ಥದ ಅವರ ಆಕ್ಷೇಪವು ಇಂದಿಗೂ ಜನರ ಬಾಯಲ್ಲಿದೆ. ಈ ಜಗಳದಲ್ಲಿ ಯಾರು ಸರಿ? ಇಬ್ಬರೂ ತಮ್ಮ ತಮ್ಮ ಜಾಗದಲ್ಲಿ ಸರಿಯೆಂದೇ ನಮ್ಮ ಅಭಿಪ್ರಾಯ. ಮೂರು ಪುಸ್ತಕಗಳನ್ನು ಒಂದು ಚಿತ್ರದಲ್ಲಿ ಹಿಡಿಸಹೊರಟವನು ಎರಡು ಪುಸ್ತಕಗಳಷ್ಟನ್ನಾದರೂ ಹೊರಗೆ ಬಿಡಲೇಬೇಕು. ಹಾಗೆ ಬಿಟ್ಟುದರಿಂದಲೇ ರಾಮಾಚಾರಿಯು ಪುಸ್ತಕ ಹಿಡಿಯದವರ ಮನೆಗೂ ಹೊಕ್ಕನು. ಆದರೆ ತನ್ನ ಹಾವಿನಲ್ಲಿ ಮುಖ್ಯವಾದುದು ವಿಷವೋ ಹೆಡೆಯೋ ಎಂಬುದನ್ನು ಹೇಳುವ ಅಧಿಕಾರವು ಲೇಖಕನಿಗಲ್ಲದೆ ಮತ್ತಾರಿಗೆ ಇದ್ದೀತು? ಚಿತ್ರವು ಗೆದ್ದಿತೆಂದ ಮಾತ್ರಕ್ಕೆ ಅವರು ಬಾಯಿ ಮುಚ್ಚಬೇಕಾಗಿರಲಿಲ್ಲ. ಅವರು ಮುಚ್ಚಲೂ ಇಲ್ಲ.

ಸುಬ್ಬರಾಯರು ಮಾತನಾಡಲು ಬದುಕಿದ್ದರು. ಎಲ್ಲರಿಗೂ ಆ ಅವಕಾಶ ದೊರೆಯುವುದಿಲ್ಲ. ತ್ರಿವೇಣಿಯವರು 1963ರಲ್ಲಿ ಇನ್ನೂ ಮೂವತ್ತೈದು ತುಂಬುವುದರೊಳಗೆ ತೀರಿಕೊಂಡರು. ಅವರ 'ಬೆಳ್ಳಿಮೋಡ' ಚಿತ್ರವಾದದ್ದು 1967ರಲ್ಲಿ, 'ಹಣ್ಣೆಲೆ ಚಿಗುರಿದಾಗ' 1968ರಲ್ಲಿ, 'ಶರಪಂಜರ' 1971ರಲ್ಲಿ. ತಮ್ಮ ಕಾವೇರಿಯು ತೆರೆಯ ಮೇಲೆ ಹೇಗೆ ನಕ್ಕಳು, ಹೇಗೆ ಒಡೆದುಹೋದಳು ಎಂಬುದನ್ನು ಅವರು ನೋಡಲೇ ಇಲ್ಲ. ಹುಚ್ಚು ವಾಸಿಯಾಗಿ ಮನೆಗೆ ಮರಳಿದವಳನ್ನು ಮನೆಯವರೇ ಅನುಮಾನದ ಕಣ್ಣಿನಿಂದ ನೋಡಿ ಮತ್ತೆ ಕೆಡಹುವರೆಂಬ ಕಠೋರವಾದ ಮಾತನ್ನು ಹೇಳಿದ ಪುಸ್ತಕವದು. ಚಿತ್ರವು ಆ ಮಾತನ್ನು ಕೈಬಿಡಲಿಲ್ಲ. ಒಂದು ವೇಳೆ ಕೊನೆಯಲ್ಲಿ ಎಲ್ಲರೂ ಕೂಡಿ ನಗುವಂತೆ ಮಾಡಿದ್ದರೆ ಕೇಳುವವರು ಯಾರಿದ್ದರು? ಆಗ ಸತ್ತ ಲೇಖಕಿಯ ಪರವಾಗಿ ಮಾತನಾಡತಕ್ಕವರು ಓದಿದವರೇ. ಆದಕಾರಣ, "ಪುಸ್ತಕದಾಗ ಹಿಂಗಿಲ್ಲ" ಎನ್ನುವ ಮನೆಯ ಹಿರಿಯಳನ್ನು ಕಿರಿಯರು ಪೀಡೆಯೆಂದು ಬಗೆಯಬಾರದು. ಎಷ್ಟೋ ಸಾರೆ ಆಕೆಯು ಬಾಯಿಲ್ಲದವರ ವಕಾಲತ್ತನ್ನು ವಹಿಸಿರುತ್ತಾಳೆ.

ಈ ವಿಷಯದಲ್ಲಿ ಕಾಯಿದೆಯು ಏನನ್ನುವುದೆಂಬುದನ್ನೂ ಗೃಹಸ್ಥರು ತಿಳಿದಿರುವುದು ಒಳ್ಳೆಯದು. 1957ರ ಕೃತಿಸ್ವಾಮ್ಯ ಕಾಯಿದೆಯ 57ನೆಯ ಕಲಮಿನ ಪ್ರಕಾರ, ಲೇಖಕನು ತನ್ನ ಹಕ್ಕನ್ನು ಮಾರಿದ ಮೇಲೆಯೂ, ತನ್ನ ಮಾನಕ್ಕೆ ಕುಂದು ಬರುವಂತೆ ಕೃತಿಯನ್ನು ವಿಕಾರಗೊಳಿಸಿದರೆ ತಡೆಯುವ ಅಧಿಕಾರವನ್ನು ಉಳಿಸಿಕೊಂಡಿರುತ್ತಾನೆ. ಹಿಂದಿಯ ಲೇಖಕಿ ಮನ್ನೂ ಭಂಡಾರಿಯವರು ತಮ್ಮ 'ಆಪ್‌ಕಾ ಬಂಟಿ' ಕಾದಂಬರಿಯಿಂದ ತೆಗೆದ 'ಸಮಯ್ ಕೀ ಧಾರಾ' ಎಂಬ ಚಿತ್ರದ ಮೇಲೆ ಇದೇ ಕಲಮನ್ನು ಹಿಡಿದು ದಿಲ್ಲಿಯ ಹೈಕೋರ್ಟಿಗೆ ಹೋದರು. ತಂದೆತಾಯಿಗಳು ಬೇರೆಯಾದಾಗ ನಡುವೆ ಸಿಕ್ಕಿದ ಒಂದು ಮಗುವಿನ ಕಥೆಯದು. 1986ರಲ್ಲಿ ಬಂದ ತೀರ್ಪಿನ ಸಾರಾಂಶವು ಹೀಗಿದೆ: ಪುಸ್ತಕವು ಚಿತ್ರವಾಗುವಾಗ ಮಾಧ್ಯಮದ ಸಲುವಾಗಿ ಕೆಲವು ಬದಲಾವಣೆಗಳು ಆಗಲೇಬೇಕು, ಅದಕ್ಕೆ ಅಡ್ಡಿಯಿಲ್ಲ, ಆದರೆ ಕೃತಿಯು ಗುರುತು ಸಿಕ್ಕದಂತೆ, ಅದರ ತಿರುಳೇ ಮಗುಚಿಹೋಗುವಂತೆ ಮಾಡಲಾಗದು. ಕೊನೆಗೆ ಉಭಯಪಕ್ಷಗಳೂ ರಾಜಿಯಾಗಿ, ಚಿತ್ರದೊಡನೆ ಲೇಖಕಿಯ ಹೆಸರನ್ನಾಗಲಿ ಕಾದಂಬರಿಯ ಹೆಸರನ್ನಾಗಲಿ ಬಳಸಬಾರದೆಂದು ಗೊತ್ತುಮಾಡಿಕೊಂಡರು. ಈ ರಾಜಿಯಲ್ಲಿ ನಮಗೆ ಒಂದು ದೊಡ್ಡ ವಿವೇಕವು ಕಾಣುವುದು. ಪೂರ್ತಿಯಾಗಿ ಸ್ವತಂತ್ರನಾಗಬಯಸುವ ಚಿತ್ರಕಾರನು ಪುಸ್ತಕದ ಹೆಸರನ್ನು ಬಿಟ್ಟುಕೊಡಲಿ. ಹೆಸರೂ ಬೇಕು, ಓದುಗರೂ ಬೇಕು, ತಿರುಳು ಮಾತ್ರ ಬೇಡ ಎಂದರೆ ಅದು ಪರರ ಹೆಸರಿನಲ್ಲಿ ಸಾಲ ಎತ್ತಿದಂತೆ.

ಮೂಲದಿಂದ ದೂರ ಸರಿದೂ ತಿರುಳನ್ನು ಉಳಿಸಿಕೊಂಡ ಚಿತ್ರಗಳು ಇಲ್ಲವೇ? ಬೇಕಾದಷ್ಟಿವೆ. ರವೀಂದ್ರನಾಥರು 1901ರಲ್ಲಿ ಬರೆದ 'ನಷ್ಟನೀಡ'ವನ್ನು ಸತ್ಯಜಿತ ರಾಯರು 1964ರಲ್ಲಿ 'ಚಾರುಲತಾ' ಎಂದು ಚಿತ್ರವಾಗಿಸಿದಾಗ, ಮೂಲವನ್ನು ಬದಲಿಸಿದರೆಂಬ ಕೂಗು ಬಂಗಾಲದಲ್ಲಿ ಎದ್ದಿತು. ರಾಯರು ಒಂದೊಂದು ಬದಲಾವಣೆಗೂ ಕಾರಣವನ್ನು ಬರೆದು ಉತ್ತರ ಕೊಟ್ಟರು. ಕಾರಣವನ್ನು ಕೊಡಬಲ್ಲವನಿಗೆ ಬದಲಾಯಿಸುವ ಹಕ್ಕುಂಟು. ನಮ್ಮ ನೆರೆಯ ಮರಾಠಿಯಲ್ಲಿ ಸಾನೆ ಗುರೂಜಿಯವರ 'ಶ್ಯಾಮಚೀ ಆಯಿ' ಎಂಬ ಪುಸ್ತಕವುಂಟು. ಗಡಿಗೆ ಅಂಟಿಕೊಂಡ ಆಳಂದದ ಕಡೆಯ ಮರಾಠಿ ಬಲ್ಲ ಮನೆಗಳಿಗೆ ಅದನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ರಾತ್ರಿಗೊಂದು ಕಥೆಯಂತೆ ಶ್ಯಾಮನು ತನ್ನ ತಾಯಿಯ ನೆನಪುಗಳನ್ನು ಹೇಳುತ್ತ ಹೋಗುವ ಪುಸ್ತಕವದು. ಅದನ್ನು ಆಚಾರ್ಯ ಅತ್ರೆಯವರು 1953ರಲ್ಲಿ ಚಿತ್ರವಾಗಿಸಿದರು. ರಾಷ್ಟ್ರಪತಿಗಳ ಮೊದಲ ಚಿನ್ನದ ಪದಕವು ಆ ಚಿತ್ರಕ್ಕೇ ದೊರೆಯಿತು. ರಾತ್ರಿಗಳ ಎಣಿಕೆಯು ಚಿತ್ರಕ್ಕೆ ಮುಖ್ಯವಲ್ಲ. ತಾಯಿಯು ಮುಖ್ಯ, ಅವಳು ಉಳಿದಳು. ಲೇಖಕರೇ ಚಿತ್ರಕ್ಕೆ ಇಳಿದ ಉದಾಹರಣೆಗಳೂ ಉಂಟು. ಬೆಳಗಾವಿ ಸೀಮೆಯ ಮಾತಿನಲ್ಲಿ ಬರೆದ ಚಂದ್ರಶೇಖರ ಕಂಬಾರರು 'ಕಾಡುಕುದುರೆ', 'ಸಂಗೀತಾ' ಮೊದಲಾದ ತಮ್ಮ ಕೃತಿಗಳನ್ನು ತಾವೇ ಚಿತ್ರಗಳನ್ನಾಗಿ ಮಾಡಿದರು. ಬರೆದವರೇ ನಿರ್ದೇಶಕರಾದರೂ ಬರೆಹವನ್ನು ಇದ್ದಂತೆಯೇ ತೆರೆಗೆ ಅಂಟಿಸಲಾಗದು. ಲೇಖನಿಯನ್ನು ಕೆಳಗಿಟ್ಟು ಕ್ಯಾಮರಾದ ನಿಯಮಕ್ಕೆ ತಲೆಬಾಗಲೇಬೇಕು.

ಈ ಮೂರು ತಾಲೂಕುಗಳ ಜನರು ದಿನವೂ ಕಾಣುವ ಒಂದು ದೃಷ್ಟಾಂತವನ್ನು ಕೊಡುವುದಾದರೆ, ಆಳಂದದ ಕಡೆಯಿಂದ ಹರಿದು ಬರುವ ಅಮರಜೆಯು ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಕೂಡುವಳು. ಅಲ್ಲಿಂದ ಕೆಳಗೆ, ಜೇವರ್ಗಿಯ ಕಡೆಗೆ ಹರಿಯುವ ಹೊಳೆಗೆ ಭೀಮೆಯೆಂದೇ ಹೆಸರು, ಭೀಮೆಯದೇ ನಡಿಗೆ. ಆದರೂ ಅಮರಜೆಯ ನೀರು ಅದರಲ್ಲಿ ಇಲ್ಲವೆನ್ನಲು ಬಾರದು. ಚಿತ್ರವು ಪುಸ್ತಕದ ಕಾಲುವೆಯಲ್ಲ, ಅದು ಬೇರೊಂದು ಹೊಳೆ. ಅದಕ್ಕೆ ತನ್ನದೇ ಪಾತ್ರವುಂಟು. ಆದರೆ ಬೆರೆತ ನೀರು ಬತ್ತಬಾರದು.

ಈಗ ಈ ಸೀಮೆಯದೇ ಆದ ಒಂದು ಕೃತಿಯ ಕಡೆಗೆ ತಿರುಗೋಣ. ಕಲಬುರಗಿ ಜಿಲ್ಲೆಯ ಸಾವಳಗಿಯಲ್ಲಿ ಹುಟ್ಟಿದ ಗೀತಾ ನಾಗಭೂಷಣರು ಇಲ್ಲಿಯ ದುಡಿಯುವ ಹೆಣ್ಣುಮಕ್ಕಳ ಬಾಳನ್ನು ಇಲ್ಲಿಯ ಮಾತಿನಲ್ಲಿಯೇ ಬರೆದರು. 2004ರಲ್ಲಿ 'ಬದುಕು' ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಅವರು, ಕನ್ನಡದಲ್ಲಿ ಆ ಮನ್ನಣೆ ಪಡೆದ ಮೊದಲ ಮಹಿಳೆ. 2010ರಲ್ಲಿ ಗದಗಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, 2020ರಲ್ಲಿ ತೀರಿಕೊಂಡರು. ಅವರ 'ಹಸಿಮಾಂಸ ಮತ್ತು ಹದ್ದುಗಳು' ಎಂಬ ಕಾದಂಬರಿಯು 'ಹೆಣ್ಣಿನ ಕೂಗು' ಎಂಬ ಹೆಸರಿನಿಂದ ಚಿತ್ರವಾಯಿತು.

ಈ ಎರಡು ಹೆಸರುಗಳನ್ನು ವಾಚಕರು ಒಂದು ಕ್ಷಣ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಮೊದಲನೆಯದರಲ್ಲಿ ಇಬ್ಬರಿದ್ದಾರೆ: ಎರಗಿಸಿಕೊಳ್ಳುವವಳು ಒಬ್ಬಳು, ಎರಗುವವರು ಹಲವರು. ಎರಡನೆಯದರಲ್ಲಿ ಒಬ್ಬಳೇ ಇದ್ದಾಳೆ, ಅವಳ ಕೂಗು ಇದೆ. ಕೂಗನ್ನು ಕೇಳಿದವರು ಮರುಗುವರು. ಹದ್ದುಗಳ ಹೆಸರನ್ನು ಕೇಳಿದವರು ಆ ಹದ್ದುಗಳು ಯಾರೆಂದು ಸುತ್ತಲೂ ನೋಡುವರು, ಕೆಲವರು ತಮ್ಮನ್ನೇ ನೋಡಿಕೊಳ್ಳುವರು. ಹೆಸರೊಂದರಿಂದಲೇ ಚಿತ್ರದ ಒಳಗನ್ನು ಅಳೆಯುವುದು ನ್ಯಾಯವಲ್ಲ. ಮನೆಮಂದಿಯೆಲ್ಲ ಕೂಡಿ ನೋಡತಕ್ಕ ಚಿತ್ರಕ್ಕೆ ಮೃದುವಾದ ಹೆಸರನ್ನು ಇಟ್ಟದ್ದಕ್ಕೆ ಕಾರಣಗಳೂ ಇದ್ದಾವು. ಆದರೆ ಪುಸ್ತಕವು ತೆರೆಗೆ ಬರುವಾಗ ಮೊದಲು ಸವೆಯುವುದು ಯಾವುದೆಂಬುದನ್ನು ಈ ಎರಡು ಹೆಸರುಗಳು ತೋರಿಸಿಕೊಡುವುವು: ಲೇಖಕಿಯ ಮರುಕವು ಸುಲಭವಾಗಿ ದಾಟಿಬರುವುದು, ಅವಳ ಸಿಟ್ಟು ಮಾತ್ರ ಗಡಿಯಲ್ಲಿ ನಿಂತುಬಿಡುವುದು.

ಇದಕ್ಕೆ ಕೂಡಿಕೊಂಡೇ ಭಾಷೆಯ ಮಾತು ಬರುವುದು. "ಹೋಗ್ಯಾನ", "ಬಂದಾಳ", "ಏನ್ ಮಾಡ್ಲಿಕತ್ತೀರಿ" ಎನ್ನುವ ಕಲಬುರಗಿ ಕಡೆಯ ಮಾತು ಗೀತಾ ನಾಗಭೂಷಣರ ಪುಟಗಳಲ್ಲಿ ಗೌರವದಿಂದ ಕೂತಿದೆ. ಅಲ್ಲಿ ಅಳುವವರೂ ಇದೇ ಮಾತಿನಲ್ಲಿ ಅಳುವರು, ಪ್ರೀತಿಸುವವರೂ ಇದೇ ಮಾತಿನಲ್ಲಿ ಪ್ರೀತಿಸುವರು. ಕನ್ನಡ ಚಿತ್ರಗಳಲ್ಲಿ ಈ ಮಾತು ಬಹುಕಾಲ ನಗಿಸುವವನ ಬಾಯಲ್ಲಿಯೇ ಹೆಚ್ಚಾಗಿ ಕೇಳಿಬಂದಿತು. ನಾಯಕನಾಯಕಿಯರು ದಕ್ಷಿಣದ ಮಾತನ್ನೇ ಆಡಿದರು. ಚಿತ್ರವು ಪುಸ್ತಕದ ಪ್ರಸಂಗಗಳನ್ನು ಬಿಡಲಿ, ಪಾತ್ರಗಳನ್ನು ಕಡಿಮೆ ಮಾಡಲಿ, ಹಾಡುಗಳನ್ನು ಸೇರಿಸಲಿ. ಇವೆಲ್ಲವೂ ಅದರ ಧರ್ಮ. ಆದರೆ ಭೀಮಾತೀರದ ಅವ್ವನ ಬಾಯಿಂದ ಅವಳದಲ್ಲದ ಮಾತನ್ನು ಆಡಿಸಿದರೆ, ಆ ಚಿತ್ರವು ತನ್ನ ಕಾಲ ಮೇಲೆ ನಿಂತಿರಬಹುದು, ನಿಂತ ನೆಲ 마ತ್ರ ಅವಳದಾಗಿರದು.

ನಮ್ಮ ತೀರ್ಮಾನವನ್ನು ಇನ್ನು ಸಂಗ್ರಹವಾಗಿ ಹೇಳುವೆವು. ಚಿತ್ರವು ತಾನೇ ನಿಲ್ಲಬೇಕು. ಪುಸ್ತಕವನ್ನು ಓದದವನಿಗೆ ಅರ್ಥವಾಗದ ಚಿತ್ರವು ಅರ್ಧ ಬೆಂದ ಅಡುಗೆ. "ಪುಸ್ತಕ ಓದ್ರಿ, ತಿಳೀತದ" ಎಂಬ ಸಮಾಧಾನವು ಅದರ ಹಸಿತನವನ್ನು ನೀಗಿಸಲಾರದು. ಹಾಗೆಯೇ ಪುಸ್ತಕದಲ್ಲಿಲ್ಲವೆಂಬ ಒಂದೇ ಕಾರಣದಿಂದ ಚಿತ್ರದ ಒಳ್ಳೆಯ ದೃಶ್ಯವನ್ನು ಹಳಿಯುವುದೂ ಸಲ್ಲದು. ಆದರೆ ತಾನೇ ನಿಲ್ಲುವುದೆಂದರೆ ಸಾಲವನ್ನು ಮರೆಯುವುದೆಂದಲ್ಲ. ಬೇರೆಯಾಗಿ ಸಂಸಾರ ಹೂಡಿದ ಮಗನು ತನ್ನ ಮನೆಗೆ ತಾನೇ ಯಜಮಾನನು. ಆದರೂ ತಂದೆಯ ಹೆಸರಿನಿಂದ ನಾಲ್ಕು ಜನರಲ್ಲಿ ಪತ್ತು ಪಡೆದವನು ಆ ಹೆಸರಿಗೆ ಮಸಿ ಹತ್ತದಂತೆ ನಡೆಯತಕ್ಕದ್ದು. ಪುಸ್ತಕವು ಯಾವ ಸತ್ಯವನ್ನು ಹೇಳುವುದಕ್ಕಾಗಿ ಹುಟ್ಟಿತೋ ಅದನ್ನು ಚಿತ್ರವು ತನ್ನ ರೀತಿಯಿಂದ ಹೇಳಲಿ. ಹೇಳಲು ಮನಸ್ಸಿಲ್ಲದಿದ್ದರೆ ಬೇರೆ ಹೆಸರಿನಿಂದ ಬೇರೆ ಕಥೆಯನ್ನು ಹೇಳಲಿ.

ಮನೆಯವರು ಮಾಡತಕ್ಕದ್ದೂ ಕೆಲವು ಉಂಟು. ಚಿತ್ರದ ಆರಂಭದಲ್ಲಿ ಹೆಸರುಗಳು ಬರುವಾಗ, ಕಥೆಯು ಯಾರದೆಂದು ನೋಡಿ ಮಕ್ಕಳಿಗೆ ಓದಿ ಹೇಳಬೇಕು. 1972ರ 'ಬಂಗಾರದ ಮನುಷ್ಯ'ನನ್ನು ಕಾಣದ ಕನ್ನಡಿಗರು ಕಡಿಮೆ; ಆ ಕಾದಂಬರಿಯನ್ನು ಬರೆದವರು ಟಿ. ಕೆ. ರಾಮರಾಯರೆಂದು ಹೇಳಬಲ್ಲವರು ಎಷ್ಟು ಜನ? ಅನ್ನವನ್ನು ಉಂಡು ಬೆಳೆದವನ ಹೆಸರನ್ನು ಕೇಳದಿರುವುದು ಒಕ್ಕಲುತನದ ನಾಡಿಗೆ ಶೋಭಿಸದು. ಎರಡನೆಯದಾಗಿ, ಪುಸ್ತಕವು ಮನೆಯಲ್ಲಿದ್ದರೆ ಮೊದಲು ಓದುವುದೇ ಲೇಸು. ಏಕೆಂದರೆ ಒಮ್ಮೆ ನಟನ ಮುಖವನ್ನು ನೋಡಿದ ಮೇಲೆ ನಮ್ಮ ಕಲ್ಪನೆಯ ಮುಖವು ಮರಳಿ ಬಾರದು. ಮನೆಯಲ್ಲಿ ಇಲ್ಲದಿದ್ದರೆ ನೋಡಿದ ಬಳಿಕವಾದರೂ ಊರಿನ ಗ್ರಂಥಾಲಯದಲ್ಲಿ ವಿಚಾರಿಸಬೇಕು. ನಾಲ್ಕು ಮನೆಗಳವರು ಕೂಡಿ ಒಂದು ಪ್ರತಿಯನ್ನು ಕೊಂಡರೂ ಆದೀತು. ಓದಲು ಕಣ್ಣು ಸಾಲದ ಹಿರಿಯರಿಗೆ ಶಾಲೆಗೆ ಹೋಗುವ ಮಕ್ಕಳು ರಾತ್ರಿ ಊಟದ ಮೇಲೆ ಹತ್ತು ಪುಟಗಳನ್ನು ಓದಿ ಹೇಳಲಿ, ಇಬ್ಬರಿಗೂ ಲಾಭ.

ಮೂರನೆಯದಾಗಿ, ವಾದವನ್ನು ನಿಲ್ಲಿಸಬೇಡಿರಿ. ಅದನ್ನು ಸರಿಯಾದ ದಾರಿಗೆ ಹಚ್ಚಿರಿ. "ಏನನ್ನು ಬಿಟ್ಟರು?" ಎಂದು ಕೇಳುವುದರ ಜೊತೆಗೆ, "ಏಕೆ ಬಿಟ್ಟರು? ಬಿಟ್ಟುದರಿಂದ ಕಥೆಯ ಮಾತು ಬದಲಾಯಿತೇ? ಯಾರ ನೋವು ಕಡಿಮೆಯಾಗಿ ಕಂಡಿತು, ಯಾರ ತಪ್ಪು ಮರೆಯಾಯಿತು?" ಎಂದೂ ಕೇಳಿಕೊಳ್ಳಿರಿ. ಹೀಗೆ ಕೇಳಲು ಕಲಿತ ಮಕ್ಕಳು ಚಿತ್ರವನ್ನಷ್ಟೇ ಅಲ್ಲ, ವರ್ತಮಾನಪತ್ರಿಕೆಯನ್ನೂ, ಭಾಷಣಗಳನ್ನೂ, ನೆರೆಮನೆಯ ಸುದ್ದಿಯನ್ನೂ ಇದೇ ಎಚ್ಚರದಿಂದ ಕೇಳುವರು. ಅತ್ತೆಯ ಪುಸ್ತಕವೂ ಸೊಸೆಯ ಚಿತ್ರವೂ ಒಂದೇ ಪಡಸಾಲೆಯಲ್ಲಿ ಕೂತು ಮಾತನಾಡಿದ ಮನೆಯಲ್ಲಿ ಎರಡಕ್ಕೂ ನ್ಯಾಯವು ದೊರೆಯುವುದೆಂದು ನಾವು ನಂಬಿರುವೆವು.